ಪದ ಬೇಕು: ‘ಪರ್ಮಿಷನ್ ಡಿನೈಡ್’ (ಇವತ್ತು ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಸರ್ವರ್ ಶುರುವಾಗದಿದ್ದರೆ ಏನೇನು ನೋಡಬೇಕು ಎಂಬ ಸಹಾಯಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ, ಸಂಜೆಯೊಳಗೆ ಒಪ್ಪಿಸಬೇಕು. ‘ಪರ್ಮಿಷನ್ ಡಿನೈಡ್’ ಎಂಬ ದೋಷಸಂದೇಶಕ್ಕೆ ‘ಅನುಮತಿ ನಿರಾಕರಿಸಲಾಗಿದೆ’ ಎಂದು ಹಾಕಿದ್ದೇನೆ. ‘ಆಪರೇಷನ್ ನಾಟ್ ಪರ್ಮಿಟೆಡ್’ಗೂ ಅದೇ ಸಾಕೇ? ರೀಡ್, ರೈಟ್, ಎಕ್ಸಿಕ್ಯೂಟ್ ಎಂಬ ಮೂರು ಅನುಮತಿಗಳಿಗೆ ಓದು, ಬರೆ, ಓಡಿಸು ಸರಿಯೇ?
— ಶ್ರೀ.

> ಅನುಮತಿ ನಿರಾಕರಿಸಲಾಗಿದೆ

ಇದು ಸುತ್ತೋಲೆಯ ಭಾಷೆ. ಯಾರು ನಿರಾಕರಿಸಿದರು? ‘ಒಪ್ಪಿಗೆ ಇಲ್ಲ’ ಎನ್ನಿ, ಮುಗಿಯಿತು. ಒಪ್ಪು ಎಂಬ ಧಾತು ಮನೆಯಲ್ಲೇ ಇರುವಾಗ ಸಂಸ್ಕೃತಕ್ಕೆ ಕೈಯೊಡ್ಡುವುದೇಕೆ? ಫೈಲನ್ನೂ ಕಡತ ಎನ್ನಿ. ಬಟ್ಟೆಗೆ ಇದ್ದಿಲು, ಹುಣಿಸೆಬೀಜದ ಸರಿ ಬಳಿದು, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದುದು ಕಡತ. ಅಳಿಸಿ ಮತ್ತೆ ಬರೆಯಬಹುದಿತ್ತು. ಇದಕ್ಕಿಂತ ಹೊಂದುವ ಪದ ಇನ್ನೊಂದಿಲ್ಲ.
— ತಿ. ರಾ.

ತಿ. ರಾ. ಅವರೇ, ‘ಒಪ್ಪಿಗೆ’ ಆಗದು. ಷರತ್ತುಗಳಿಗೆ ‘ಒಪ್ಪುತ್ತೇನೆ’ ಎಂದು ಒತ್ತುವ ಗುಂಡಿಗೆ ಅದು ಆಗಲೇ ಹೋಗಿದೆ. ‘-ಲಾಗಿದೆ’ ಬೇಡವೆಂಬುದು ಸರಿ. ‘ಅನುಮತಿ ಇಲ್ಲ’ ಸಾಕು.

ಶ್ರೀ ಅವರೇ, ಎರಡು ದೋಷಗಳಿಗೆ ಒಂದೇ ಪದ ಖಂಡಿತ ಹಾಕಬೇಡಿ. ಮೊದಲನೆಯದು ದೋಷಸಂಖ್ಯೆ 13, ಎರಡನೆಯದು 1. 13 ಬಂದರೆ ಫೈಲಿನ ಮೋಡ್ (ಯಾರು ಓದಬಹುದು, ಬರೆಯಬಹುದು, ಓಡಿಸಬಹುದು ಎಂಬ ಗುರುತು), ಮಾಲೀಕ, ಗುಂಪು ನೋಡಬೇಕು. 1 ಬಂದರೆ ಆ ಕೆಲಸವೇ ಆ ಬಳಕೆದಾರನಿಗೆ ಸಲ್ಲದು: ತನ್ನದಲ್ಲದ ಫೈಲಿಗೆ ಸಿಎಚ್‌ಮಾಡ್ (ಮೋಡ್ ಬದಲಿಸುವ ಆಜ್ಞೆ) ಮಾಡುವುದು, ಚಾಟ್ರ್ ಆಜ್ಞೆಗೆ ಪ್ಲಸ್ ಐ ಕೊಟ್ಟು ಬೀಗ ಜಡಿದ ಫೈಲಿಗೆ ರೂಟ್ (ಸರ್ವಾಧಿಕಾರವಿರುವ ಬಳಕೆದಾರ) ಬರೆಯಹೋಗುವುದು. ಅಲ್ಲಿ ಮೋಡ್ ಎಷ್ಟು ಸಡಿಲಿಸಿದರೂ ಪ್ರಯೋಜನವಿಲ್ಲ. 13ಕ್ಕೆ ‘ಅನುಮತಿ ಇಲ್ಲ’, 1ಕ್ಕೆ ‘ಈ ಕೆಲಸ ಮಾಡುವಂತಿಲ್ಲ’.

‘ಓಡಿಸು’ ಫೈಲಿಗೆ ಸರಿ, ಡೈರೆಕ್ಟರಿಗೆ (ಫೋಲ್ಡರಿಗೆ) ತಪ್ಪು. ಡೈರೆಕ್ಟರಿಯ ಎಕ್ಸ್ ಬಿಟ್ (ಎಕ್ಸಿಕ್ಯೂಟ್ ಗುರುತು) ಎಂದರೆ ಅದನ್ನು ಹಾದು ಒಳಗಿನದನ್ನು ಮುಟ್ಟುವ ಅನುಮತಿ. ‘ಹಾಯು’ ಎಂದು ಬರೆಯಿರಿ. ಜನ ಎಡವುವುದೇ ಇಲ್ಲಿ: ಫೈಲಿನ ಮೋಡ್ 644 (ಎಲ್ಲರೂ ಓದಬಹುದು) ಇದೆ, ಮಾಲೀಕ ಸರಿ ಇದ್ದಾನೆ, ಆದರೂ 13. ಏಕೆಂದರೆ ಮೇಲಿನ ಹೋಮ್ ಡೈರೆಕ್ಟರಿ 700 (ಮಾಲೀಕನಿಗೆ ಮಾತ್ರ), ಸರ್ವರಿನ ಬಳಕೆದಾರ ಅದನ್ನು ಹಾಯಲಾರ. ನೇಮ್‌ಐ ಆಜ್ಞೆಗೆ ಎಲ್ ಆಯ್ಕೆ ಕೊಟ್ಟು ಪೂರ್ತಿ ಹಾದಿ ಕೊಡಿ. ಮೆಟ್ಟಿಲು ಮೆಟ್ಟಿಲಾಗಿ ಮಾಲೀಕ, ಮೋಡ್ ಕಾಣುತ್ತವೆ. ಸರ್ವರಿನ ಬಳಕೆದಾರನಾಗಿಯೇ ಸುಡೋ (ಬೇರೆ ಬಳಕೆದಾರನ ಹೆಸರಲ್ಲಿ ಓಡಿಸುವ ಆಜ್ಞೆ) ಮೂಲಕ ಫೈಲು ತೆರೆದು ನೋಡಿ. ರೂಟ್ ಆಗಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

777 (ಎಲ್ಲರಿಗೂ ಎಲ್ಲ ಅನುಮತಿ) ಎಂಬ ಮೋಡ್ ನಿಮ್ಮ ಪುಟದಲ್ಲಿ ಎಲ್ಲೂ ಬರಕೂಡದು. ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ ಡೇಟಾ ಡೈರೆಕ್ಟರಿ 700 ಅಥವಾ 750 ಇಲ್ಲದಿದ್ದರೆ ಏಳುವುದೇ ಇಲ್ಲ. ಒಮ್ಮೆ ರೂಟ್ ಆಗಿ ಟಾಮ್‌ಕ್ಯಾಟ್ ಸರ್ವರ್ ಶುರುಮಾಡಿದವರ ಲಾಗ್ ಫೈಲುಗಳು ರೂಟ್ ಹೆಸರಲ್ಲಿ ಉಳಿದು, ಮುಂದಿನ ಸಲ 13 ಬರುತ್ತದೆ. ಅದಕ್ಕೆ ಮದ್ದು ಮಾಲೀಕನನ್ನು ಬದಲಿಸುವ ಸಿಎಚ್‌ಓನ್, ಸಿಎಚ್‌ಮಾಡ್ ಅಲ್ಲ.
— ವೆಂ.

> ಮಾಲೀಕ

ಅರಬ್ಬಿ. ‘ಒಡೆಯ’ ಇದೆ.
— ತಿ. ರಾ.

ಅರ್ಜಿ, ವಕೀಲ, ಹಕ್ಕು, ಇವೂ ಅರಬ್ಬಿಯೇ. ಜಮೀನು ಪಾರಸಿ. ಇವನ್ನು ತೆಗೆದರೆ ತಾಲ್ಲೂಕು ಕಚೇರಿಯಲ್ಲಿ ಒಂದು ವಾಕ್ಯ ಆಡಲಾಗದು. ಹಳ್ಳಿಯಲ್ಲಿ ‘ಅಂಗಡಿ ಮಾಲೀಕ’ ಎಂದರೆ ಎಲ್ಲರಿಗೂ ಗೊತ್ತು, ‘ಅಂಗಡಿ ಒಡೆಯ’ ಎಂದು ಯಾರೂ ಅನ್ನುವುದಿಲ್ಲ. ಬೇರು ಎಲ್ಲಿಯದೆಂದು ನೋಡಿ ಪದ ಆರಿಸುವುದು ಹಟ, ಭಾಷಾಪ್ರೀತಿಯಲ್ಲ.
— ನಾ. ಕು.

ಹಿಂದೆ ತಂದದ್ದು ಬಂದಾಯಿತು, ಅದನ್ನು ಕಿತ್ತೆಸೆಯಿರಿ ಎಂದು ನಾನು ಹೇಳಿಲ್ಲ. ಇವತ್ತು ಹೊಸದಾಗಿ ಬರೆಯುವಾಗಲಾದರೂ ಮೊದಲು ನಮ್ಮ ಧಾತುಗಳನ್ನು ತಡಕಿ ನೋಡಬೇಕು ಎಂಬುದು ನನ್ನ ನಿಲುವು. ‘ಹಾಯು’ ಸಿಕ್ಕಿದ್ದು ಹಾಗೆ ಹುಡುಕಿದ್ದರಿಂದಲೇ.
— ತಿ. ರಾ.

ಶ್ರೀ ಅವರ ಸಂಜೆ ಹತ್ತಿರವಾಯಿತು, ಇನ್ನೆರಡು ಮಾತು. ಲಾಗಿನ ಇಂಗ್ಲಿಷ್ ಸಾಲನ್ನು ಹಾಗೇ ಉಳಿಸಿ, ಅರ್ಥವನ್ನು ಕೆಳಗೆ ಕೊಡಿ. ಹುಡುಕುವವರು ಹುಡುಕುವುದು ಆ ಸಾಲನ್ನೇ. ‘ಕಡತಕ್ಕೆ ಅನುಮತಿ ಇಲ್ಲ’ ಎಂದು ಎಲ್ಲ ಕಡೆ ಬರೆಯಬೇಡಿ: ಸಾಮಾನ್ಯ ಬಳಕೆದಾರನಾಗಿ ವೆಬ್ ಸರ್ವರ್ ಎಂಜಿನ್‌ಎಕ್ಸ್ ಅನ್ನು ರೂಟ್‌ಗೆ ಮೀಸಲಾದ 80ನೇ ಪೋರ್ಟಿನಲ್ಲಿ ಎಬ್ಬಿಸಿದರೂ ಬರುವುದು 13ನೇ ದೋಷವೇ, ಅಲ್ಲಿ ಫೈಲಿನ ಮಾತೇ ಇಲ್ಲ. ಮೋಡ್ ಎಲ್ಲ ಸರಿಯಿದ್ದೂ 13 ಬಂದರೆ ಎಸ್‌ಇಲಿನಕ್ಸ್ (ಫೈಲುಗಳ ಲೇಬಲ್ ನೋಡಿ ತಡೆಯುವ ಇನ್ನೊಂದು ಭದ್ರತಾ ಪದರ) ನೋಡಿ. ಹೋಮ್‌ನಿಂದ ಎಂವಿ (ಜಾಗ ಬದಲಿಸುವ ಆಜ್ಞೆ) ಮಾಡಿ ತಂದ ಫೈಲಿಗೆ ಹಳೆಯ ಲೇಬಲ್ಲೇ ಅಂಟಿಕೊಂಡಿರುತ್ತದೆ. ಲೇಬಲ್ ಸರಿಪಡಿಸುವ ರಿಸ್ಟೋರ್‌ಕಾನ್ ಓಡಿಸಿದರೆ ಸರಿಹೋಗುತ್ತದೆ.
— ವೆಂ.