ಬೋಂಡ ನಿನ್ನೆಯಿಂದ ಏನೂ ತಿಂದಿಲ್ಲ, ಸೋಮವಾರದವರೆಗೆ ಕಾಯಬಹುದಾ?

ಪ್ರಶ್ನೆ (ದಾವಣಗೆರೆಯಿಂದ, ಶನಿವಾರ ರಾತ್ರಿ 9 ಗಂಟೆ)

ಡಾಕ್ಟರ್ ಮೇಡಂ, ನಮ್ಮ ಮನೆಯಲ್ಲಿ ಎರಡು ಗಿನಿಪಿಗ್ ಇವೆ, ಬೋಂಡ ಮತ್ತೆ ಚಟ್ನಿ. ಎರಡೂ ಹೆಣ್ಣು, ಅಕ್ಕತಂಗಿ, ಮೂರು ವರ್ಷ. ಬೋಂಡ ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ. ಒಂದು ವಾರದಿಂದಲೇ ಸ್ವಲ್ಪ ಡಲ್ ಇದ್ದಳು, ಬಿಸಿಲಿಗೆ ಇರಬೇಕು ಅಂದುಕೊಂಡು ಸುಮ್ನಿದ್ದೆ, ನಮ್ಮ ಕಡೆ ಏಪ್ರಿಲ್ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ. ವಿಚಿತ್ರ ಅಂದರೆ ಅವಳಿಗೆ ಆಸೆ ಇದೆ. ಫ್ರಿಜ್ ಬಾಗಿಲು ತೆಗೆದರೆ ಈಗಲೂ ಓಡಿ ಬರುತ್ತಾಳೆ, ಸೌತೆಕಾಯಿ ಬಾಯಿಗೆ ತೆಗೆದುಕೊಳ್ಳುತ್ತಾಳೆ, ಎರಡು ಸಲ ಅಗಿದು ಕೆಳಗೆ ಬೀಳಿಸುತ್ತಾಳೆ. ಗದ್ದದ ಕೆಳಗೆ ಕೂದಲು ಒದ್ದೆಯಾಗಿದೆ. ಹಿಕ್ಕೆ ಬೆಳಿಗ್ಗೆಯಿಂದ ನಾಲ್ಕೈದು ಮಾತ್ರ, ಅದೂ ಸಣ್ಣ, ಒಣಗಿದ್ದು.

ಮಗನಿಗೆ ಜ್ವರ ಬಂದಾಗ ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ಉಳಿದಿತ್ತು. ಪೆಟ್ ಸಾಮಾನು ಮಾರುವ ಅಂಗಡಿಯವರು ಎರಡು ಹನಿ ಹಾಕಿ ಸರಿಹೋಗುತ್ತದೆ ಅಂದರು, ಬೆಳಿಗ್ಗೆ ಒಂದು ಸಲ ಹಾಕಿದ್ದೇನೆ. ನಮಗೆ ಗೊತ್ತಿರುವ ಡಾಕ್ಟರ್ ಸಿಗುವುದು ಸೋಮವಾರ. ಅಲ್ಲಿಯವರೆಗೆ ಕಾಯಬಹುದಾ?

ಡಾಕ್ಟರ್

ಕಾಯಬೇಡಿ. ಸಿರಪ್ ಇನ್ನೊಂದು ಹನಿಯೂ ಬೇಡ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಇಷ್ಟು ಹೇಳಿ. ಈಗ ತೂಕ ಎಷ್ಟು, ಮೊದಲು ಎಷ್ಟಿತ್ತು? ದಿನಾ ಏನು ಹಾಕುತ್ತೀರಿ, ಹುಲ್ಲು ಹಾಕುತ್ತೀರಾ? ಹೊಟ್ಟೆ ಮುಟ್ಟಿದರೆ ಮೆತ್ತಗಿದೆಯಾ, ಇಲ್ಲ ತಮಟೆ ತರಹ ಬಿಗಿದುಕೊಂಡಿದೆಯಾ? ಉಸಿರಾಡುವಾಗ ಸದ್ದು ಬರುತ್ತಿದೆಯಾ? ಕಿವಿ, ಪಾದ ತಣ್ಣಗಿವೆಯಾ?

ಕೇಳಿದವರು

ಅಡುಗೆಮನೆ ತೂಕದ ಮಷಿನ್ ಮೇಲೆ ಬುಟ್ಟಿ ಇಟ್ಟು ತೂಗಿದೆ, 790 ಗ್ರಾಂ. ಯುಗಾದಿ ಹೊತ್ತಿಗೆ 920 ಇದ್ದಳು. ಇಷ್ಟು ಇಳಿದಿದ್ದಾಳೆ ಅಂತ ಗೊತ್ತೇ ಆಗಲಿಲ್ಲ ಮೇಡಂ, ಮೈತುಂಬ ಕೂದಲಲ್ವಾ. ಹೊಟ್ಟೆ ಮೆತ್ತಗಿದೆ, ಉಸಿರಿನ ಸದ್ದಿಲ್ಲ, ಕಿವಿ ಬೆಚ್ಚಗಿದೆ. ದಿನಾ ಮೊಲದ ಪೆಲೆಟ್ (ಮೊಲಕ್ಕೆ ಅಂತ ಮಾರುವ ಒಣ ತಿಂಡಿ), ಸೌತೆಕಾಯಿ, ಕ್ಯಾರೆಟ್, ಆಗಾಗ ಕೊತ್ತಂಬರಿ ಸೊಪ್ಪು ಹಾಕುತ್ತೇವೆ. ಟಿಮೋತಿ ಹುಲ್ಲು ಆನ್‌ಲೈನ್‌ನಲ್ಲಿ ತರಿಸುತ್ತಿದ್ದೆವು, ದುಬಾರಿ ಅಂತ ಆರು ತಿಂಗಳ ಹಿಂದೆ ಬಿಟ್ಟೆವು.

ಡಾಕ್ಟರ್

ಸರಿ. ನೋಡದೆ ಹೇಳುವುದು ಊಹೆಯೇ, ಆದರೆ ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ. ಹಸಿವಿಲ್ಲದ್ದು ಬೇರೆ, ತಿನ್ನಲು ಆಗದ್ದು ಬೇರೆ. ಜ್ವರವೋ ಶ್ವಾಸಕೋಶದ ಸೋಂಕೋ ಇರುವ ಗಿನಿಪಿಗ್ ಮೂಲೆಯಲ್ಲಿ ಮುದುರಿ ಕೂತಿರುತ್ತದೆ, ಫ್ರಿಜ್ ಸದ್ದಿಗೆ ಓಡಿ ಬರುವುದಿಲ್ಲ. ನಿಮ್ಮ ಬೋಂಡ ಬರುತ್ತಾಳೆ, ಬಾಯಿಗೂ ಹಾಕಿಕೊಳ್ಳುತ್ತಾಳೆ, ಬೀಳಿಸುತ್ತಾಳೆ, ಜೊಲ್ಲು ಸುರಿಸುತ್ತಾಳೆ. ನನಗೆ ಅನುಮಾನ ಹಿಂದಿನ ಹಲ್ಲಿನ ಮೇಲೆ.

ಗಿನಿಪಿಗ್‌ಗೆ 20 ಹಲ್ಲು, ಅಷ್ಟೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಮುಂದಿನ ನಾಲ್ಕು ನಮಗೆ ಕಾಣುತ್ತವೆ, ಅವು ನೆಟ್ಟಗಿದ್ದರೆ ಎಲ್ಲ ಸರಿಯಿದೆ ಅಂದುಕೊಳ್ಳುತ್ತೇವೆ. ದವಡೆ ಹಲ್ಲು ಸವೆಯಬೇಕಾದರೆ ಹುಲ್ಲನ್ನು ಗಂಟೆಗಟ್ಟಲೆ ಅರೆಯಬೇಕು. ಪೆಲೆಟ್ ಕಟಕಟ ಅಂತ ಒಡೆದುಹೋಗುತ್ತದೆ, ಸೌತೆಕಾಯಿ ಅಂತೂ ಬರೀ ನೀರು. ಸವೆಯದಿದ್ದರೆ ಕೆಳಗಿನ ದವಡೆ ಹಲ್ಲು ಒಳಗೆ ವಾಲಿ ನಾಲಿಗೆ ಮೇಲೆ ಕಮಾನು ಕಟ್ಟುತ್ತವೆ, ನಾಲಿಗೆ ಅದರಡಿ ಸಿಕ್ಕಿಕೊಳ್ಳುತ್ತದೆ. ಆಗ ಆಸೆ ಇದ್ದರೂ ನುಂಗಲಾಗುವುದಿಲ್ಲ.

ಜೊತೆಗೆ ವಿಟಮಿನ್ ಸಿ. ನಮ್ಮ ಹಾಗೆಯೇ ಗಿನಿಪಿಗ್‌ಗೂ ಅದನ್ನು ಮೈಯಲ್ಲಿ ತಯಾರಿಸಿಕೊಳ್ಳಲು ಬರುವುದಿಲ್ಲ. ಮೊಲಕ್ಕೆ ಬರುತ್ತದೆ, ಹಾಗಾಗಿ ಮೊಲದ ಪೆಲೆಟ್ ಮಾಡುವವರು ಅದನ್ನು ಸೇರಿಸುವ ಗೋಜಿಗೆ ಹೋಗುವುದಿಲ್ಲ. ಕಡಿಮೆಯಾದರೆ ಒಸಡು ಸಡಿಲ, ಕೀಲು ನೋವು, ಹಸಿವೂ ಕಡಿಮೆ. ಎರಡೂ ಸೇರಿರಬಹುದು.

ಕಾರಣ ಯಾವುದೇ ಇರಲಿ, ಈ ರಾತ್ರಿಯ ಕೆಲಸ ಹೊಟ್ಟೆಗೆ ನಾರು ಹೋಗುವಂತೆ ಮಾಡುವುದು. ಈ ಪ್ರಾಣಿಯ ಕರುಳು ಸದಾ ಓಡುತ್ತಿರಬೇಕು, 12ರಿಂದ 24 ಗಂಟೆ ಖಾಲಿ ಬಿಟ್ಟರೆ ನಿಂತೇಹೋಗಬಹುದು. ಆಮೇಲೆ ಹಲ್ಲು ಸರಿಮಾಡಿಯೂ ಪ್ರಯೋಜನವಿಲ್ಲ. ನಾಯಿ ಎರಡು ದಿನ ಊಟ ಬಿಟ್ಟರೆ ನಾನೂ ನಾಳೆ ನೋಡೋಣ ಅಂದೇನು, ಇದಕ್ಕೆ ಹಾಗನ್ನಲು ಆಗುವುದಿಲ್ಲ.

ಅದೇ ಪೆಲೆಟ್ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಮಿಕ್ಸಿಗೆ ಹಾಕಿ ತೆಳು ಗಂಜಿಯ ಹದಕ್ಕೆ ತನ್ನಿ. ಕಾಳು ಬೆರೆತ ಪೆಲೆಟ್ ಆಗಿದ್ದರೆ ಕಾಳು ಆರಿಸಿ ತೆಗೆಯಿರಿ. ಮೆಡಿಕಲ್ ಶಾಪಿನಿಂದ 3 ಎಂಎಲ್ ಸಿರಿಂಜ್ ತಂದು ಸೂಜಿ ಬಿಸಾಡಿ. ತುದಿ ಕಟ್ಟಿಕೊಂಡರೆ ಬ್ಲೇಡಿನಲ್ಲಿ ಸ್ವಲ್ಪ ಕತ್ತರಿಸಿ ಅಂಚು ನುಣ್ಣಗೆ ಉಜ್ಜಿ. ಬೋಂಡನನ್ನು ಟವೆಲ್‌ನಲ್ಲಿ ಕೂಸಿನ ತರಹ ಸುತ್ತಿ, ಆದರೆ ಕೂಸಿನ ತರಹ ಅಂಗಾತ ಮಲಗಿಸಬೇಡಿ, ನಾಲ್ಕು ಕಾಲ ಮೇಲೆ ಕೂತ ಭಂಗಿಯಲ್ಲೇ ಇರಲಿ. ಮುಂದಿನ ಹಲ್ಲಿನ ಹಿಂದೆ ಪಕ್ಕದಲ್ಲಿ ಖಾಲಿ ಜಾಗ ಇದೆ, ಅಲ್ಲಿಂದ ತೂರಿಸಿ. ಒಂದು ಸಲಕ್ಕೆ ಅರ್ಧ ಎಂಎಲ್‌ಗಿಂತ ಕಡಿಮೆ. ಅಗಿಯಲಿ, ನುಂಗಲಿ, ಆಮೇಲೆ ಇನ್ನೊಂದು. ಅವಸರ ಮಾಡಿದರೆ ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ. ಮೂಗಿನಿಂದ ಬಂದರೆ ಅಥವಾ ಕೆಮ್ಮಿದರೆ ತಕ್ಷಣ ನಿಲ್ಲಿಸಿ.

ಅವಳ ತೂಕಕ್ಕೆ ದಿನಕ್ಕೆ 50ರಿಂದ 60 ಎಂಎಲ್ ಹೋಗಬೇಕು, ಅಂದರೆ ಆರು ಸಲ, ಸಲಕ್ಕೆ ಸುಮಾರು 10. ಇವತ್ತು ಅಷ್ಟು ಹೋಗದಿದ್ದರೂ ಪರವಾಗಿಲ್ಲ, ಐದೈದೇ ಕೊಡಿ, ಸಲ ಜಾಸ್ತಿ ಮಾಡಿ. ರಾತ್ರಿ ಒಂದು ಗಂಟೆಗೆ ಅಲಾರಂ ಇಟ್ಟುಕೊಳ್ಳಿ. ಹೊಟ್ಟೆ ಬಿಗಿದುಕೊಂಡರೆ ಮಾತ್ರ ಬಲವಂತ ಮಾಡಬೇಡಿ, ರಾತ್ರಿಯಾದರೂ ಯಾವ ಡಾಕ್ಟರ್ ಸಿಗುತ್ತಾರೋ ಅಲ್ಲಿಗೆ ಓಡಿ. ಈ ಪ್ರಾಣಿಗೆ ವಾಂತಿ ಮಾಡಲು ಬರುವುದಿಲ್ಲ, ಒಳಗಿನ ಗ್ಯಾಸ್ ಒಳಗೇ.

500 ಮಿ.ಗ್ರಾಂನ ವಿಟಮಿನ್ ಸಿ ಮಾತ್ರೆ ಪುಡಿಮಾಡಿ 10 ಎಂಎಲ್ ನೀರಿಗೆ ಹಾಕಿದರೆ ಒಂದು ಎಂಎಲ್‌ಗೆ 50 ಮಿ.ಗ್ರಾಂ ಆಯಿತು. ದಿನಕ್ಕೆ ಅರ್ಧದಿಂದ ಮುಕ್ಕಾಲು ಎಂಎಲ್ ಬಾಯಿಗೇ ಕೊಡಿ, ಉಳಿದದ್ದು ಚೆಲ್ಲಿ, ನಾಳೆ ಹೊಸದು ಮಾಡಿ. ಕುಡಿಯುವ ಬಾಟಲಿಗೆ ಹಾಕಬೇಡಿ. ಬೆಳಕಿಗೆ ಸತ್ವ ಹೋಗುತ್ತದೆ, ರುಚಿ ಕೆಟ್ಟು ನೀರು ಕುಡಿಯುವುದನ್ನೂ ಬಿಡುತ್ತದೆ.

ಈಗ ಸಿರಪ್ ವಿಷಯ. ಅಮಾಕ್ಸಿಸಿಲಿನ್, ಆಂಪಿಸಿಲಿನ್ ತರಹದ ಪೆನಿಸಿಲಿನ್ ಜಾತಿಯ ಔಷಧ ಬಾಯಿಗೆ ಹಾಕಿದರೆ ಗಿನಿಪಿಗ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಮಗುವಿಗೆ ಕೊಡುವ ಔಷಧವೇ ಇದರ ಜೀವ ತೆಗೆಯಬಹುದು. ಒಂದೇ ಸಲ, ಎರಡೇ ಹನಿ ಆದ್ದರಿಂದ ಏನೂ ಆಗದಿರುವ ಸಾಧ್ಯತೆಯೂ ಇದೆ, ಗಾಬರಿ ಬೇಡ, ಆದರೆ ಮುಂದಿನ ಕೆಲವು ದಿನ ಭೇದಿ ಶುರುವಾದರೆ ತಡಮಾಡಬೇಡಿ. ಎಲ್ಲಿಗೆ ಹೋದರೂ ಈ ವಿಷಯ ಮೊದಲು ಹೇಳಿ, ಮುಚ್ಚಿಡಬೇಡಿ.

ಬೆಳಿಗ್ಗೆ ಎದ್ದ ತಕ್ಷಣ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಫೋನ್ ಮಾಡಿ, ಭಾನುವಾರ ಯಾರಿರುತ್ತಾರೆ, ಗಿನಿಪಿಗ್ ನೋಡುತ್ತಾರಾ ಅಂತ ಕೇಳಿಕೊಂಡೇ ಹೊರಡಿ. ದವಡೆ ಹಲ್ಲು ನೋಡಿ ಅಂತ ನೀವೇ ಬಾಯಿಬಿಟ್ಟು ಹೇಳಿ. ಹಸು, ನಾಯಿ ನೋಡಿ ರೂಢಿಯಾದ ನಮ್ಮಂಥವರು ಮುಂದಿನ ಹಲ್ಲು ನೋಡಿ ಬಿಟ್ಟುಬಿಡುವುದುಂಟು, ನಾನೂ ಮೊದಲ ವರ್ಷಗಳಲ್ಲಿ ಮಾಡಿದ್ದೇನೆ. ನೋವಿನ ಔಷಧವನ್ನೂ ಕೇಳಿ. ಮನೆಯಲ್ಲಿರುವ ನೋವಿನ ಮಾತ್ರೆ ಹಾಕಬೇಡಿ.

ಚಟ್ನಿಯನ್ನು ಬೇರೆ ಮಾಡಬೇಡಿ, ದಾರಿಯಲ್ಲೂ ಜೊತೆಗಿರಲಿ. ಬೆಳಿಗ್ಗೆ ಬೇಗ ಹೊರಡಿ. 27, 28 ಡಿಗ್ರಿ ದಾಟಿದರೆ ಇವಕ್ಕೆ ಕಷ್ಟ. ನೀರಿನ ಬಾಟಲಿ ಐಸ್ ಮಾಡಿ ಬಟ್ಟೆ ಸುತ್ತಿ ಬುಟ್ಟಿಯ ಒಂದು ಬದಿಗೆ ಇಡಿ, ಬೇಕಾದರೆ ಹತ್ತಿರ ಹೋಗುತ್ತಾಳೆ, ಬೇಡವಾದರೆ ದೂರ ಸರಿಯುತ್ತಾಳೆ.

ಗುಂಪಿನ ಇನ್ನೊಬ್ಬರು

ಅಕ್ಕಾ, ಹೊಟ್ಟೆ ತಣ್ಣಗಾಗಲು ಸ್ವಲ್ಪ ಮಜ್ಜಿಗೆ ಕೊಡಿ. ನಮ್ಮ ಊರಲ್ಲಿ ಕರುಗಳಿಗೆ ಕೊಡುತ್ತೇವೆ, ಚೆನ್ನಾಗಿ ಕೆಲಸ ಮಾಡುತ್ತದೆ.

ಡಾಕ್ಟರ್

ಬೇಡ ಸರ್. ಹಾಲು, ಮೊಸರು, ಮಜ್ಜಿಗೆ ಯಾವುದೂ ಬೇಡ. ಹಸುವಿನದು ಮುಂದಿನ ಹೊಟ್ಟೆಯಲ್ಲಿ ಹುಲ್ಲು ಹುದುಗುತ್ತದೆ, ಗಿನಿಪಿಗ್‌ದು ಕುದುರೆಯ ಹಾಗೆ ಹಿಂದಿನ ಕರುಳಿನಲ್ಲಿ. ಅದಕ್ಕೆ ಒಗ್ಗಿದ್ದು ಇದಕ್ಕೆ ಒಗ್ಗುವುದಿಲ್ಲ. ಅನ್ನ, ಚಪಾತಿ, ಬಿಸ್ಕತ್ತೂ ಇದೇ ಲೆಕ್ಕಕ್ಕೆ ಸೇರಿತು.

ಗುಂಪಿನ ಮತ್ತೊಬ್ಬರು

ಮೇಡಂ, ನಮ್ಮದೂ ತಿನ್ನುತ್ತಿಲ್ಲ, ಆದರೆ ಜೊಲ್ಲಿಲ್ಲ. ಮೂಗು ಸೋರುತ್ತಿದೆ, ಕಣ್ಣಿನ ಸುತ್ತ ಅಂಟು. ಮೊಲದ ಜೊತೆ ಒಂದೇ ಗೂಡಿನಲ್ಲಿದೆ. ಮೊಲ ಚೆನ್ನಾಗಿದೆ.

ಡಾಕ್ಟರ್

ಮೊಲ ಚೆನ್ನಾಗಿಯೇ ಇರುತ್ತದೆ, ತೊಂದರೆ ಅಲ್ಲೇ ಇರುವುದು. ಬೋರ್ಡೆಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಮೊಲದ ಮೂಗಿನಲ್ಲಿ ಏನೂ ತೊಂದರೆ ಕೊಡದೆ ಇರಬಹುದು, ಗಿನಿಪಿಗ್‌ಗೆ ಅದೇ ನ್ಯುಮೋನಿಯಾ ತರುತ್ತದೆ. ಇವತ್ತೇ ಗೂಡು ಬೇರೆ ಮಾಡಿ, ಇವತ್ತೇ ಡಾಕ್ಟರಿಗೆ ತೋರಿಸಿ. ಅವರು ಗಿನಿಪಿಗ್‌ಗೆ ಹೊಂದುವ ಆಂಟಿಬಯಾಟಿಕ್ ಕೊಡುತ್ತಾರೆ. ಒದ್ದೆ ಬಟ್ಟೆಯಿಂದ ಮೂಗು ಒರೆಸುತ್ತಿರಿ. ಇವು ಮೂಗಿನಿಂದಲೇ ಉಸಿರಾಡುವ ಪ್ರಾಣಿಗಳು, ಮೂಗು ಕಟ್ಟಿದರೆ ಅಗಿಯಲೂ ಕಷ್ಟ. ಉಸಿರು ಎಳೆಯುತ್ತಿದ್ದರೆ ಸಿರಿಂಜಿನಲ್ಲಿ ಮನೆಯಲ್ಲೇ ತಿನ್ನಿಸುವ ಸಾಹಸ ಬೇಡ.

ಕೇಳಿದವರು (ಭಾನುವಾರ ಸಂಜೆ)

ಮೇಡಂ, ತೋರಿಸಿದೆವು. ನೀವು ಹೇಳಿದ್ದೇ ಸರಿ, ಕೆಳಗಿನ ಎರಡೂ ಕಡೆ ಹಲ್ಲು ನಾಲಿಗೆ ಮೇಲೆ ವಾಲಿದೆ. ನಾಳೆ ಅರಿವಳಿಕೆ ಕೊಟ್ಟು ಉಜ್ಜುತ್ತಾರೆ. ರಾತ್ರಿಯಿಂದ 38 ಎಂಎಲ್ ತಿನ್ನಿಸಿದ್ದೇವೆ, ನನ್ನ ಯಜಮಾನರ ಶರ್ಟಿಗೆ ಇನ್ನೊಂದು 20 ಹೋಗಿರಬಹುದು. ಆಪರೇಷನ್ ಅಂದರೆ ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇಡಬೇಕಲ್ವಾ?

ಡಾಕ್ಟರ್

ಬೇಡ. ಅದು ನಾಯಿ, ಬೆಕ್ಕಿನ ನಿಯಮ, ವಾಂತಿಯಾಗಬಾರದು ಅಂತ. ಬಾಯಿಯಲ್ಲಿ ತುಣುಕು ಉಳಿಯದಿರಲಿ ಅಂತ ಸ್ವಲ್ಪ ಹೊತ್ತು ಮೊದಲು ನಿಲ್ಲಿಸಿದರೆ ಸಾಕು, ಎಷ್ಟು ಹೊತ್ತು ಅಂತ ಅಲ್ಲಿನ ಡಾಕ್ಟರನ್ನೇ ಕೇಳಿ. ರಾತ್ರಿಯ ಸರದಿ ತಪ್ಪಿಸಬೇಡಿ. ಹಲ್ಲು ಉಜ್ಜಿದ ಮರುದಿನವೇ ತಿನ್ನುತ್ತಾಳೆ ಅಂತ ಕಾಯಬೇಡಿ. ದವಡೆ ನೋಯುತ್ತಿರುತ್ತದೆ, ಅಗಿಯುವ ಸ್ನಾಯು ಸೋತಿರುತ್ತದೆ. ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಸಿರಿಂಜ್ ಇಲ್ಲದೆ ಮೂರು ದಿನ ತೂಕ ಇಳಿಯದಿದ್ದರೆ ಆಗ ನಿಲ್ಲಿಸೋಣ.

ಹುಲ್ಲಿಗೆ ದುಡ್ಡು ಸುರಿಯಬೇಕಿಲ್ಲ. ಗರಿಕೆ ಹುಲ್ಲು ದೇವರಿಗೆ ಮಾತ್ರ ಅಂದುಕೊಂಡಿದ್ದೀರಾ? ತೊಳೆದು ಹಸಿಯಾಗಿಯೂ ಹಾಕಿ, ನೆರಳಲ್ಲಿ ಒಣಗಿಸಿಯೂ ಇಡಿ. ಕಳೆನಾಶಕ ಹೊಡೆದ ಬದುವಿನದು, ನಾಯಿ ಓಡಾಡುವ ಪಾರ್ಕಿನದು ಬೇಡ. ಮುಸುಕಿನ ಜೋಳದ ಹಸಿರು ಸಿಪ್ಪೆ ನಿಮ್ಮ ಕಡೆ ಬೇಕಾದಷ್ಟು ಸಿಗುತ್ತದೆ, ಅದೂ ಆಗುತ್ತದೆ. ಕುದುರೆ ಮಸಾಲೆ ಸೊಪ್ಪು ದಿನಾ ಬೇಡ, ಸುಣ್ಣದ ಅಂಶ ಜಾಸ್ತಿ, ದೊಡ್ಡವಕ್ಕೆ ಮೂತ್ರದಲ್ಲಿ ಕಲ್ಲಾಗಬಹುದು. ವಿಟಮಿನ್ ಸಿಗೆ ದಪ್ಪ ಮೆಣಸಿನಕಾಯಿ ದಿನಾ ಒಂದು ಹೋಳು, ಸೀಬೆಹಣ್ಣು ವಾರಕ್ಕೊಮ್ಮೆ ಒಂದು ಚೂರು. ಕ್ಯಾರೆಟ್ ಸಿಹಿ, ಕಡಿಮೆ ಮಾಡಿ.

ಕೇಳಿದವರು (ಹನ್ನೊಂದು ದಿನದ ನಂತರ)

772, 770, 778, 790, 804, ಇವತ್ತು 831. ನಿನ್ನೆ ಗರಿಕೆ ಎಳೆದುಕೊಂಡು ತಾನೇ ತಿಂದಳು, ಪೂರ್ತಿ ನುಂಗಿದಳು. ಭೇದಿ ಆಗಲಿಲ್ಲ. ಸಿರಿಂಜ್ ಈಗ ದಿನಕ್ಕೆ ಎರಡೇ ಸಲ, ಅದಕ್ಕೂ ಕೋಪ ಬರುತ್ತಿದೆ ಅವಳಿಗೆ.

ಡಾಕ್ಟರ್

ಕೋಪ ಒಳ್ಳೆಯ ಲಕ್ಷಣ. ಹಲ್ಲನ್ನು ಮತ್ತೆ ಉಜ್ಜಬೇಕಾಗಬಹುದು, ಒಂದು ತಿಂಗಳಿಗೆ ತೋರಿಸಿ. ಚಟ್ನಿಯದೂ ಇದೇ ಊಟ ತಾನೇ? ಅವಳನ್ನೂ ತೂಗಿದ್ದೀರಾ?

ಕೇಳಿದವರು

ಈಗ ತೂಗಿದೆ ಮೇಡಂ. 1,060. ಅಕ್ಕ ಬೀಳಿಸಿದ್ದೆಲ್ಲ ಇವಳೇ ತಿಂದಿದ್ದಾಳೆ.