ಹಳೆ ಕಾಲೇಜಿನ ಹೆಣ್ಣುಮಕ್ಕಳ ಚರಿತ್ರೆ: ದಾಖಲೆ ಎಲ್ಲಿ ಹುಡುಕಲಿ?

ತುಮಕೂರು ಎಂ.ಎ. ವಿದ್ಯಾರ್ಥಿನಿ:
ನಮಸ್ಕಾರ. ಇಲ್ಲಿನ ಒಂದು ಹಳೆ ಕಾಲೇಜಿನಲ್ಲಿ 1950ರಿಂದ 1980ರವರೆಗೆ ಓದಿದ, ಪಾಠ ಮಾಡಿದ ಹೆಣ್ಣುಮಕ್ಕಳ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಸ್ಮರಣ ಸಂಚಿಕೆಯ ತುಂಬಾ ಪ್ರಿನ್ಸಿಪಾಲರು, ದಾನಿಗಳು, ಕಟ್ಟಡಗಳು. ಹುಡುಗಿಯರು ಒಂದು ಗ್ರೂಪ್ ಫೋಟೊದ ಮುಂದಿನ ಸಾಲಿನಲ್ಲಿದ್ದಾರೆ, ಕೆಳಗೆ ಹೆಸರೇ ಇಲ್ಲ. ಇವರು ಯಾವ ಊರಿನವರು, ಓದು ಮುಗಿಸಿದರಾ ಅಂತ ತಿಳಿಯೋದು ಹೇಗೆ?

ಕೋಲಾರದ ನಿವೃತ್ತ ಲೈಬ್ರರಿಯನ್:
ಮೊದಲು ಕಾಲೇಜಿನ ಆಫೀಸಿಗೇ ಹೋಗಮ್ಮ, ವಿಭಾಗದ ಮುಖ್ಯಸ್ಥರ ಪತ್ರ ಇಟ್ಟುಕೊಂಡು. ಅಡ್ಮಿಷನ್ ರಿಜಿಸ್ಟರ್ ಕೇಳು. ಅಪ್ಪನ ಹೆಸರು, ಊರು, ಹುಟ್ಟಿದ ತಾರೀಕು, ಹಿಂದೆ ಓದಿದ ಶಾಲೆ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಪಕ್ಕದಲ್ಲಿ ಟಿ.ಸಿ. ಪುಸ್ತಕ ಇಟ್ಟು ನೋಡಿದರೆ ಯಾರು ಮಧ್ಯದಲ್ಲೇ ಬಿಟ್ಟರು ಅಂತ ಗೊತ್ತಾಗುತ್ತದೆ, ಆದರೆ ಕಾರಣದ ಜಾಗದಲ್ಲಿ ಬರೆದದ್ದನ್ನು ಪೂರ್ತಿ ನಂಬಬೇಡ. ಮದುವೆ ಆದಮೇಲೆ ಎಷ್ಟೋ ಜನರ ಇನಿಷಿಯಲ್ ಬದಲಾಗಿರುತ್ತದೆ, ಹಾಗಾಗಿ ಅಪ್ಪನ ಹೆಸರು, ಊರು ಎರಡನ್ನೂ ಬರೆದುಕೋ. ಹಾಸ್ಟೆಲ್ ರಿಜಿಸ್ಟರ್, ಸ್ಕಾಲರ್‌ಷಿಪ್ ಫೈಲ್, ವಾರ್ಷಿಕ ಸಂಚಿಕೆಗಳನ್ನೂ ಬಿಡಬೇಡ. ಹಳೇ ಬೀರು ಯಾವ ರೂಮಿನಲ್ಲಿದೆ ಅಂತ ಅಟೆಂಡರ್‌ಗೆ ಗೊತ್ತಿರುತ್ತದೆ, ಅವರನ್ನೇ ವಿಚಾರಿಸು.

ಬೆಂಗಳೂರಿನ ಸಂಶೋಧಕ:
ವಿಶ್ವವಿದ್ಯಾಲಯದ ದಾಖಲೆ ಹುಡುಕುವಾಗ ಇಸವಿ ನೋಡಿಕೊಳ್ಳಿ. ತುಮಕೂರು ವಿಶ್ವವಿದ್ಯಾಲಯ ಶುರುವಾಗಿದ್ದು 2004ರಲ್ಲಿ. ಅದಕ್ಕೆ ಮೊದಲು ಬೆಂಗಳೂರು ವಿಶ್ವವಿದ್ಯಾಲಯ, ಅದು 1964ರದು. ಅದಕ್ಕೂ ಹಿಂದಿನದಕ್ಕೆ ಮೈಸೂರು ವಿಶ್ವವಿದ್ಯಾಲಯಕ್ಕೆ ಹೋಗಬೇಕು. ನಿಮ್ಮ ಕಾಲ ಎರಡು ಕಡೆಗೂ ಹಂಚಿಹೋಗಿದೆ, ಒಂದೇ ಕಡೆ ಕೇಳಿ ಸುಮ್ನೆ ವಾಪಸ್ ಬರಬೇಡಿ. ಹಳೇ ಮೈಸೂರು ಸರ್ಕಾರದ ಶಿಕ್ಷಣದ ಕಡತಗಳಿಗೆ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರ ನೋಡಿ. ಆರ್. ಕಲ್ಯಾಣಮ್ಮ ದಶಕಗಳ ಕಾಲ ನಡೆಸಿದ 'ಸರಸ್ವತಿ' ಮಾಸಪತ್ರಿಕೆಯ ಸಂಚಿಕೆ ಸಿಕ್ಕರೆ ಖಂಡಿತ ಓದಿ, ಓದಿದ ಹೆಂಗಸರು ತಾವೇ ಬರೆದದ್ದು ಅಲ್ಲಿದೆ.

ಚಿಕ್ಕಬಳ್ಳಾಪುರದ ಉಪನ್ಯಾಸಕಿ:
ಇದೆಲ್ಲ ಸರಿ, ಆದರೆ 1960ರಲ್ಲಿ ಕಾಲೇಜು ಸೇರಿದವರಿಗೆ ಈಗ ಎಂಬತ್ತು ದಾಟಿದೆ. ರಿಜಿಸ್ಟರ್ ಇನ್ನೊಂದು ವರ್ಷ ಕಾಯುತ್ತದೆ, ಅವರು ಕಾಯೋಕಾಗಲ್ಲ. ಅದಕ್ಕೇ ಮೊದಲು ಅವರ ಮನೆಗೆ ಹೋಗಮ್ಮ. ಆ ಗ್ರೂಪ್ ಫೋಟೊದ ದೊಡ್ಡ ಪ್ರಿಂಟ್ ತೆಗೆಸಿ ಕೈಗೆ ಕೊಡು, ಪಕ್ಕದಲ್ಲಿ ಕೂತವಳ ಹೆಸರು, ಬಸ್ಸು, ಹಾಸ್ಟೆಲ್ ಊಟ, ಯಾರ ಜೊತೆ ಬರುತ್ತಿದ್ದರು ಅಂತ ಒಂದರ ಹಿಂದೆ ಒಂದು ಬರುತ್ತದೆ. ಅಡುಗೆಯವರನ್ನೂ, ಆಯಾಗಳನ್ನೂ ಮಾತಾಡಿಸು, ಅವರೂ ಕಾಲೇಜಿನ ಹೆಣ್ಣುಮಕ್ಕಳೇ ಅಲ್ವಾ. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಬರೆಸಿಕೋ, ಹೆಸರು ಬೇಡ ಅಂದರೆ ಹಾಕಬೇಡ. ಮುಂಬೈನ ಸ್ಪ್ಯಾರೋ ಸಂಸ್ಥೆ 1988ರಿಂದ ಹೆಂಗಸರ ಮಾತು, ಚಿತ್ರಗಳನ್ನು ಕೂಡಿಡುತ್ತಿದೆ, ಅವರ ಕ್ರಮ ನೋಡಿಕೋ. ಕೊನೆಗೆ ಒಂದು ಪ್ರತಿ ಕಾಲೇಜು ಲೈಬ್ರರಿಗೂ ಕೊಡು.