ಬಾಗ್ದಾದಿಗೆ ಪತ್ರ ಬರೆದರೆ ಸಾಕಾಗಿತ್ತಾ?

ಹಳೇಬೇರು:
"ಉಗ್ರರ ವಿರುದ್ಧ ಮುಸ್ಲಿಮರು ಬಾಯಿ ಬಿಡುವುದಿಲ್ಲ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಉಗ್ರ ಸಂಘಟನೆ ಐಸಿಸ್‌ನ ಮುಖ್ಯಸ್ಥ ಬಾಗ್ದಾದಿ ತಾನೇ ಖಲೀಫ (ಎಲ್ಲ ಮುಸ್ಲಿಮರ ನಾಯಕ) ಎಂದು ಸಾರಿಕೊಂಡು ಮೂರು ತಿಂಗಳೂ ತುಂಬಿರಲಿಲ್ಲ. 2014ರ ಸೆಪ್ಟೆಂಬರ್‌ನಲ್ಲೇ ನೂರಿಪ್ಪತ್ತಕ್ಕೂ ಹೆಚ್ಚು ವಿದ್ವಾಂಸರು ಅವನಿಗೆ ಬಹಿರಂಗ ಪತ್ರ ಬರೆದರು. ಈಜಿಪ್ಟಿನ ಆಗಿನ ಮುಖ್ಯ ಮುಫ್ತಿ (ಧಾರ್ಮಿಕ ತೀರ್ಪು ಕೊಡುವವರು) ಶೌಕಿ ಅಲ್ಲಾಂ ಸಹಿಯೂ ಅದರಲ್ಲಿದೆ. ಪತ್ರಕರ್ತರನ್ನು ಕೊಲ್ಲುವಂತಿಲ್ಲ, ಇರಾಕಿನ ಅಲ್ಪಸಂಖ್ಯಾತ ಧರ್ಮದವರಾದ ಯಜೀದಿಗಳನ್ನು ಮುಟ್ಟುವಂತಿಲ್ಲ, ಗುಲಾಮಗಿರಿ ಮತ್ತೆ ತರುವಂತಿಲ್ಲ. ಎಲ್ಲಕ್ಕೂ ಕುರಾನ್, ಹದೀಸ್‌ನಿಂದಲೇ ಆಧಾರ ಕೊಟ್ಟಿದ್ದಾರೆ.

ನೇರಮಾತು:
"ಪತ್ರ ಬರೆದರು". ಅಷ್ಟೇ ಅಲ್ವಾ? ಬಂದೂಕು ಹಿಡಿದವನು ಪತ್ರ ಓದುತ್ತಾನಾ? ಅದೇ ವರ್ಷ ಡಿಸೆಂಬರ್‌ನಲ್ಲಿ ಕೈರೋದ ಅಲ್ ಅಝ್ಹರ್ ಐಸಿಸ್‌ನವರನ್ನು ಕಾಫಿರರು (ಇಸ್ಲಾಂ ನಂಬದವರು) ಎನ್ನಲು ಒಪ್ಪಲಿಲ್ಲ. ಸುನ್ನಿಗಳ ಅಷ್ಟು ದೊಡ್ಡ ಸಂಸ್ಥೆ ಇದೊಂದನ್ನು ಹೇಳಲಾರದೇ ಹೋಯಿತು.

ಬೆಳ್ಳಿಚುಕ್ಕಿ:
"ಕಾಫಿರರು ಎನ್ನಲು ಒಪ್ಪಲಿಲ್ಲ" ಅಂದಿರಲ್ಲ, ಅದನ್ನೇ ಹಿಡಿದು ಹೇಳುತ್ತೇನೆ. ನಾನು ಮುಸ್ಲಿಂ. ಇನ್ನೊಬ್ಬ ಮುಸ್ಲಿಮನನ್ನು ಧರ್ಮದಿಂದ ಹೊರಗೆ ಎಂದು ಸಾರುವುದಕ್ಕೆ ತಕ್ಫೀರ್ ಅಂತಾರೆ. ಐಸಿಸ್ ಶಿಯಾಗಳನ್ನು ಕೊಂದಿದ್ದು, ತನಗೆ ತಲೆಬಾಗದ ಸುನ್ನಿಗಳನ್ನು ಕೊಂದಿದ್ದು ಇದೇ ಮಾತು ಹೇಳಿ. 661ರಲ್ಲಿ ಕೂಫಾದಲ್ಲಿ ಖಲೀಫ ಅಲಿಯನ್ನು ಕೊಂದ ಖವಾರಿಜ್ ಎಂಬ ಹಳೆಯ ಉಗ್ರ ಪಂಥದವನ ತಲೆಯಲ್ಲೂ ಇದೇ ಇತ್ತು. ಆ ಬಾಗಿಲು ಮುಚ್ಚಬೇಕು ಅಂತಲೇ 2004ರಲ್ಲಿ ಜೋರ್ಡಾನಿನ ದೊರೆಯ ಅಮ್ಮಾನ್ ಸಂದೇಶ ಎಂಬ ಘೋಷಣೆ ಬಂತು. ಮರುವರ್ಷ ಐವತ್ತು ದೇಶಗಳ ಸುಮಾರು 200 ವಿದ್ವಾಂಸರು ಅದಕ್ಕೆ ಒಪ್ಪಿಗೆ ಕೊಟ್ಟರು.

ನೇರಮಾತು:
"ಬಾಗಿಲು ಮುಚ್ಚಬೇಕು" ಅಂತೀರಿ. 2015ರಲ್ಲಿ ಜೋರ್ಡಾನಿನ ಪೈಲಟ್‌ನನ್ನು ಪಂಜರದಲ್ಲಿ ಸುಟ್ಟಾಗ ಇದೇ ಅಝ್ಹರ್ ಏನಂದಿತು? ಕೊಂದವರನ್ನು ಕೊಲ್ಲಬೇಕು, ಶಿಲುಬೆಗೆ ಏರಿಸಬೇಕು, ಕೈಕಾಲು ಕಡಿಯಬೇಕು ಎಂದಿತು. ಅವರನ್ನು ಕೊಲ್ಲಬಹುದು, ಆದರೆ ಕಾಫಿರ್ ಅನ್ನಬಾರದು. ಇದು ಯಾವ ನ್ಯಾಯ?

ಬೆಳ್ಳಿಚುಕ್ಕಿ:
ಶಿಕ್ಷೆ ಮಾಡಿದ ಅಪರಾಧಕ್ಕೆ. ನಂಬಿಕೆ ದೇವರಿಗೆ ಬಿಟ್ಟಿದ್ದು. ಇವೆರಡನ್ನೂ ಸುಮ್ನೆ ಕಲಸಬೇಡಿ.

ಕಡಲಹಕ್ಕಿ:
"ಶಿಕ್ಷೆ" ಅಂದುಬಿಟ್ಟರೆ ಮುಗೀತಾ? ನಾನು ನೇರಮಾತು ಅವರ ಕಡೆಯವನಲ್ಲ. ಆದರೂ ಕೈಕಾಲು ಕಡಿಯುವ ಮಾತನ್ನು ಸಮರ್ಥಿಸಲಾರೆ. ಅದು ಐಸಿಸ್‌ನ ಭಾಷೆ.

ಬೆಳ್ಳಿಚುಕ್ಕಿ:
ನಾನೆಲ್ಲಿ ಸಮರ್ಥಿಸಿದೆ? ತಕ್ಫೀರ್ ಬಗ್ಗೆ ಮಾತಾಡಿದೆ ಅಷ್ಟೆ. ನನ್ನ ಬಾಯಿಗೆ ಮಾತು ತುರುಕಬೇಡಿ.

ಹಳೇಬೇರು:
ಎಲ್ಲಿಂದ ಎಲ್ಲಿಗೆ ಹೋಯಿತು ಮಾತು! ಬರೀ ಪತ್ರ ಅಂದವರು ಕೇಳಿ. 2014ರ ಆಗಸ್ಟ್‌ನಲ್ಲಿ ಸಿರಿಯಾದ ಶೈತಾತ್ ಬುಡಕಟ್ಟಿನವರು ಐಸಿಸ್ ವಿರುದ್ಧ ಎದ್ದರು. ಅವರೂ ಸುನ್ನಿಗಳೇ. ನೂರಾರು ಜನರನ್ನು ಐಸಿಸ್ ಕೊಂದುಹಾಕಿತು. ಐಸಿಸ್ ಕೈಯಿಂದ ಇರಾಕಿನ ಮೊಸುಲ್ ನಗರ ಬಿಡಿಸಲು ಒಂಬತ್ತು ತಿಂಗಳು ಬೇಕಾಯಿತು. ಅಲ್ಲಿ ಸತ್ತ ಇರಾಕಿ ಸೈನಿಕರಲ್ಲಿ ಹೆಚ್ಚಿನವರು ಯಾರು?

ನೇರಮಾತು:
"ಸೈನಿಕರು". ಸಂಬಳಕ್ಕೆ, ನೆಲಕ್ಕೆ ಹೋರಾಡಿದರು. ಧರ್ಮದ ಹೆಸರಿನಲ್ಲಿ ವಿರೋಧಿಸಿದ್ದಕ್ಕೆ ಅದು ಸಾಕ್ಷಿಯಲ್ಲ.

ಬೆಳ್ಳಿಚುಕ್ಕಿ:
ಸಂಬಳಕ್ಕಾ? ಸತ್ತವರ ಬಗ್ಗೆ ಹೀಗೆ ಬರೆಯಲು ಮನಸ್ಸಾದರೂ ಹೇಗೆ ಬಂತು? 2015ರ ಡಿಸೆಂಬರ್‌ನಲ್ಲಿ ಕೆನ್ಯಾದ ಮಂಡೇರಾ ಹತ್ತಿರ ಸೊಮಾಲಿಯಾದ ಉಗ್ರ ಸಂಘಟನೆ ಅಲ್ ಶಬಾಬ್ ಬಸ್ ತಡೆಯಿತು. ಕ್ರೈಸ್ತರು ಬೇರೆ ನಿಲ್ಲಿ ಎಂದಿತು. ಮುಸ್ಲಿಂ ಪ್ರಯಾಣಿಕರು ಒಪ್ಪಲಿಲ್ಲ. ಹೆಂಗಸರು ತಮ್ಮ ತಲೆವಸ್ತ್ರ ಕೊಟ್ಟು ಕ್ರೈಸ್ತ ಹೆಂಗಸರನ್ನು ಉಳಿಸಿದರು. ಅಡ್ಡ ನಿಂತ ಶಿಕ್ಷಕ ಸಲಾಹ್ ಫರಾಹ್‌ಗೆ ಗುಂಡು ಬಿತ್ತು. ಮುಂದಿನ ತಿಂಗಳು ತೀರಿಕೊಂಡರು. ಅವರಿಗೆ ಅಲ್ಲಿ ಯಾರು ಸಂಬಳ ಕೊಡುತ್ತಿದ್ದರು?

ನೇರಮಾತು:
ಒಂದು ಬಸ್ಸು.

ಮಳೆನೀರು:
ಬರೀ "ಒಂದು ಬಸ್ಸು" ಅಲ್ಲ. 2008ರ ಮುಂಬೈ ದಾಳಿಯಲ್ಲಿ ಸತ್ತ ಒಂಬತ್ತು ದಾಳಿಕೋರರಿಗೆ ಅಲ್ಲಿನ ಮುಸ್ಲಿಂ ಸ್ಮಶಾನದ ಟ್ರಸ್ಟ್ ಜಾಗ ಕೊಡಲಿಲ್ಲ. ಹೆಣಗಳು ವರ್ಷಕ್ಕೂ ಜಾಸ್ತಿ ಶವಾಗಾರದಲ್ಲೇ ಇದ್ದವು.

ನೇರಮಾತು:
ಮುಂಬೈ ಬಗ್ಗೆ ನಾನೇನೂ ಹೇಳಿಲ್ಲ. ನನ್ನ ಪ್ರಶ್ನೆ ಅಝ್ಹರ್ ಬಗ್ಗೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಕಡಲಹಕ್ಕಿ:
ಹಳೇಬೇರು, ನೀವು ಹೇಳಿದ ಪತ್ರದಲ್ಲಿ ತಕ್ಫೀರ್ ಬಗ್ಗೆ ಏನಾದರೂ ಇದೆಯಾ?

ಹಳೇಬೇರು:
ಇದೆ. ತಾನೇ ಬಾಯಿಬಿಟ್ಟು ನಂಬಿಕೆ ತೊರೆದವನನ್ನು ಬಿಟ್ಟು ಬೇರೆ ಯಾರನ್ನೂ ಕಾಫಿರ್ ಎನ್ನುವಂತಿಲ್ಲ ಎಂದು ಬಾಗ್ದಾದಿಗೇ ಹೇಳಿದ್ದಾರೆ.

ನೇರಮಾತು:
ಹಾಗಾದರೆ ಪತ್ರ ಬರೆದವರೂ ಐಸಿಸ್‌ನವರನ್ನು ಕಾಫಿರರು ಎನ್ನಲಿಲ್ಲ. ಮೊದಲಿನಿಂದ ನಾನು ಹೇಳಿದ್ದೂ ಅದನ್ನೇ.